ಬಿ.ವೈ.ಒ. ರೆಸ್ಟೋರೆಂಟ್

ಬಿ.ವೈ.ಒ. ಎಂದರೆ ‘ಬ್ರಿಂಗ್ ಯುವರ್ ಓನ್’ (ನಿಮ್ಮದನ್ನು ನೀವೇ ತನ್ನಿ): ಊಟಕ್ಕೆ ಬರುವವರು ತಮ್ಮ ವೈನ್ ಬಾಟಲಿಯನ್ನು ತಾವೇ ತಂದು ಕುಡಿಯಲು ಅವಕಾಶವಿರುವ ರೆಸ್ಟೋರೆಂಟ್. ಈ ರೂಢಿಗೆ ಹೆಸರಾದ ನಗರ ಆಸ್ಟ್ರೇಲಿಯದ ಮೆಲ್ಬರ್ನ್. ಅದು ಇರುವ ವಿಕ್ಟೋರಿಯ ರಾಜ್ಯದಲ್ಲಿ 1916ರಿಂದ 1966ರವರೆಗೆ ಪಬ್‌ಗಳು ಸಂಜೆ ಆರಕ್ಕೇ ಬಾಗಿಲು ಹಾಕಬೇಕಿದ್ದರಿಂದ, ರಾತ್ರಿಯೂಟದ ಜೊತೆ ಕುಡಿಯಲು ಬೇರೆ ದಾರಿ ಬೇಕಿತ್ತು. ಮದ್ಯ ಮಾರುವ ಪೂರ್ಣ ಪರವಾನಗಿ ಸಣ್ಣ ಹೋಟೆಲಿನವರಿಗೆ ದುಬಾರಿಯ ಬಾಬತ್ತಾಗಿತ್ತು. ವಲಸೆ ಬಂದ ಇಟಾಲಿಯನ್, ಗ್ರೀಕ್, ಆಮೇಲೆ ವಿಯೆಟ್ನಾಮೀ ಕುಟುಂಬಗಳು ನಡೆಸುತ್ತಿದ್ದ ಊಟದ ಮನೆಗಳಿಗೆ ಈ ಪದ್ಧತಿ ಒಗ್ಗಿತು: ಅಡುಗೆ ಅವರದು, ಸೀಸೆ ಗಿರಾಕಿಯದು. ನ್ಯೂಜಿಲೆಂಡ್ 1976ರಲ್ಲಿ ಇದಕ್ಕೆಂದೇ ಪ್ರತ್ಯೇಕ ಪರವಾನಗಿ ತಂದಿತು.

ಬಾಟಲಿ ತೆರೆದು, ಗ್ಲಾಸು ಕೊಟ್ಟು ತೊಳೆಯುವುದಕ್ಕೆ ಪಡೆಯುವ ಶುಲ್ಕ ‘ಕಾರ್ಕೇಜ್’ (ಕಾರ್ಕ್ ಎಂದರೆ ಬಿರಡೆ). ಕೆಲವೆಡೆ ಬಾಟಲಿಗಿಷ್ಟು, ಕೆಲವೆಡೆ ತಲೆಗಿಷ್ಟು. ಆಸ್ಟ್ರೇಲಿಯದ ಬಹುಪಾಲು ಬಾಟಲಿಗಳಿಗೆ ಈಗ ತಿರುಗಿಸಿ ತೆಗೆಯುವ ಮುಚ್ಚಳ; ಬಿರಡೆ ಹೋದರೂ ಬಿರಡೆಯ ಸುಂಕ ಮಾತ್ರ ಉಳಿದಿದೆ. ಬಿಯರ್, ವಿಸ್ಕಿ ತರಲು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಅಮೆರಿಕದ ಫಿಲಡೆಲ್ಫಿಯದಲ್ಲೂ ಈ ರೂಢಿಯಿದೆ, ಆದರೆ ಕಾರಣ ಬೇರೆ. ಆ ನಗರವಿರುವ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಪ್ರತಿ ಕೌಂಟಿಯ 3,000 ನಿವಾಸಿಗಳಿಗೆ ಒಂದರಂತೆ ಮದ್ಯದ ಪರವಾನಗಿಗಳಿಗೆ ಮಿತಿಯಿದೆ. ಹೀಗಾಗಿ ಅವುಗಳ ಬೆಲೆ ಏರಿದ್ದು, ಹೊಸ ಬಾಣಸಿಗರು ಮದ್ಯ ಮಾರುವ ಗೊಡವೆಗೇ ಹೋಗದೆ ರೆಸ್ಟೋರೆಂಟ್ ತೆರೆಯುತ್ತಾರೆ.