ಸೇವೆಯಲ್ಲೂ ದಣಿವುಂಟು: ‘ಸ್ಟ್ರೆಸ್’ ನಡೆದುಬಂದ ದಾರಿ

‘ತುಂಬಾ ಸ್ಟ್ರೆಸ್’ ಎಂಬ ಮಾತು ಇಂದು ಎಲ್ಲರ ಬಾಯಲ್ಲೂ ಇದೆ. ಆದರೆ ವಿಜ್ಞಾನದಲ್ಲಿ ಈ ಪದಕ್ಕೆ ಮೊದಲು ಖಚಿತವಾದ ಅರ್ಥ ದೊರೆತದ್ದು ಭೌತವಿಜ್ಞಾನದಲ್ಲಿ. ಫ್ರಾನ್ಸಿನ ಗಣಿತಜ್ಞ ಕೋಶಿ 1822ರಲ್ಲಿ ಈ ಪರಿಕಲ್ಪನೆಯನ್ನು ರೂಪಿಸಿದ. ಏಕಮಾನ ವಿಸ್ತೀರ್ಣದ ಮೇಲೆ ವರ್ತಿಸುವ ಬಲವೇ ಪೀಡನ (ಸ್ಟ್ರೆಸ್). ಅದರಿಂದ ವಸ್ತುವಿನ ಆಕಾರದಲ್ಲಾಗುವ ಬದಲಾವಣೆ ವಿಕೃತಿ (ಸ್ಟ್ರೇನ್).

ಇದೇ ಪದವನ್ನು ಜೀವಿಗಳಿಗೆ ಅನ್ವಯಿಸಿ ಜನಪ್ರಿಯಗೊಳಿಸಿದವರು ಹ್ಯಾನ್ಸ್ ಸೆಲ್ಯೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಅವರು ಇಲಿಗಳನ್ನು ಚಳಿ, ಗಾಯ, ಅತಿಶ್ರಮ ಮುಂತಾದ ತೊಂದರೆಗಳಿಗೆ ಒಡ್ಡಿದರು. ಕಾರಣ ಯಾವುದೇ ಇರಲಿ, ಅಡ್ರಿನಲ್ ಗ್ರಂಥಿ ಹಿಗ್ಗುವುದು, ಥೈಮಸ್ ಗ್ರಂಥಿ ಕುಗ್ಗುವುದು, ಜಠರದಲ್ಲಿ ಹುಣ್ಣಾಗುವುದು ಕಂಡುಬಂತು. 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ತಮ್ಮ ಇಂಗ್ಲಿಷ್ ಚೆನ್ನಾಗಿದ್ದಿದ್ದರೆ ‘ಸ್ಟ್ರೇನ್’ ಎನ್ನುತ್ತಿದ್ದೆನೆಂದು ಸೆಲ್ಯೆ ಮುಂದೆ ಹೇಳಿಕೊಂಡರು!

ಸೇವಾಸಂಸ್ಥೆಯಲ್ಲಿ ಕಂಡ ದಣಿವು

‘ಬರ್ನ್-ಔಟ್’ ಎಂಬ ದಣಿವಿನ ಅಧ್ಯಯನ ಮೊಳಕೆಯೊಡೆದದ್ದು ಲಾಭ ಬಯಸದ ಸಂಸ್ಥೆಯೊಂದರಲ್ಲಿ ಎಂಬುದು ಗಮನಾರ್ಹ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, ಉತ್ಸಾಹದಿಂದ ಬಂದ ಸ್ವಯಂಸೇವಕರು ಕ್ರಮೇಣ ಬಸವಳಿದು ಸಿಡುಕುವುದನ್ನು ಕಂಡರು. ಈ ಸ್ಥಿತಿಯನ್ನು 1974ರಲ್ಲಿ ‘ಬರ್ನ್-ಔಟ್’ ಎಂಬ ಹೆಸರಿನಲ್ಲಿ ವಿವರಿಸಿದರು. ಅತಿ ಹೆಚ್ಚು ನಿಷ್ಠೆಯುಳ್ಳವರೇ ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆಂಬುದು ಅವರ ಅನುಭವ. ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿ ರಚಿಸಿದರು. ಭಾವನೆಗಳು ಬತ್ತುವುದು, ಜನರನ್ನು ವಸ್ತುಗಳಂತೆ ಕಾಣುವುದು, ತನ್ನಿಂದೇನೂ ಆಗುತ್ತಿಲ್ಲವೆನಿಸುವುದು ಇದರ ಮೂರು ಮುಖಗಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವರ್ಗೀಕರಿಸಿತು. ಅಂದರೆ ದೋಷವನ್ನು ವ್ಯಕ್ತಿಯಲ್ಲಷ್ಟೇ ಅಲ್ಲ, ಕೆಲಸದ ವ್ಯವಸ್ಥೆಯಲ್ಲೂ ಹುಡುಕಬೇಕು.

ನಮ್ಮ ನಾಡಿನಲ್ಲಿ

ಬೆಂಗಳೂರಿನ ನಿಮ್ಹಾನ್ಸ್ 1975ರಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕವನ್ನು ಆರಂಭಿಸಿ, ಸಕಲವಾರದಲ್ಲಿ ಪ್ರಯೋಗ ನಡೆಸಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದು ವಿಸ್ತಾರಗೊಂಡಿತು. ತಜ್ಞರು ಕಡಮೆ ಇರುವಲ್ಲಿ ಸಾಮಾನ್ಯ ವೈದ್ಯರನ್ನೂ ಆರೋಗ್ಯ ಕಾರ್ಯಕರ್ತರನ್ನೂ ತರಬೇತುಗೊಳಿಸುವುದು ಇದರ ತಿರುಳು. 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳ ನಂತರ ಸಂತ್ರಸ್ತರಿಗೆ ಸಾಂತ್ವನ ಹೇಳುವ ಕಾರ್ಯಕರ್ತರಿಗೂ ನಿಮ್ಹಾನ್ಸ್ ತರಬೇತಿ ನೀಡಿತು. ಅಲ್ಲಿ ಕಾರ್ಯಕರ್ತರು ತಮ್ಮನ್ನು ತಾವು ನೋಡಿಕೊಳ್ಳುವುದೂ ಒಂದು ಪಾಠ. ಪರರ ನೋವು ಕೇಳುವವರಿಗೂ ಕೇಳುವವರೊಬ್ಬರು ಬೇಕಲ್ಲವೇ?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ವೃದ್ಧಾಶ್ರಮ, ವಿಶೇಷ ಶಾಲೆಗಳಂಥ ಸೇವಾಕೇಂದ್ರಗಳಿಗೂ ಈ ಮಾತು ಸಲ್ಲುತ್ತದೆ. ‘ಸೇವೆ ಎಂದಮೇಲೆ ದಣಿವೇಕೆ?’ ಎಂಬ ಧೋರಣೆ ಇರುವಲ್ಲಿ ದಣಿದವರು ಬಾಯಿ ಬಿಡುವುದಿಲ್ಲ. ಒಂದು ದಿನ ಕೆಲಸವನ್ನೇ ಬಿಡುತ್ತಾರೆ. ಅವರನ್ನೇ ನೆಚ್ಚಿದ ವೃದ್ಧರಿಗೂ ಮಕ್ಕಳಿಗೂ ಅದು ದೊಡ್ಡ ನಷ್ಟ.

ಲೋಹದ ಪಾಠ

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಎಂಜಿನಿಯರ್ ವ್ಯೋಲರ್ ರೈಲುಗಾಲಿಗಳ ಅಚ್ಚುಗಳನ್ನು ಪರೀಕ್ಷಿಸಿದರು. ಒಮ್ಮೆ ಹೇರಿದರೆ ಅಚ್ಚು ಸುಲಭವಾಗಿ ತಾಳಬಲ್ಲ ಹೊರೆಯೇ ಲಕ್ಷಾಂತರ ಬಾರಿ ಮರಳಿ ಮರಳಿ ಬಿದ್ದಾಗ ಅದನ್ನು ಮುರಿಯಬಲ್ಲದೆಂದು ತೋರಿಸಿದರು. ಲೋಹದ ದಣಿವು ಎಂದರೆ ಇದೇ. ಮನುಷ್ಯ ಲೋಹವಲ್ಲ, ಹೋಲಿಕೆಗೆ ಮಿತಿಯಿದೆ. ಬಿರುಕು ಬಿಟ್ಟ ಲೋಹ ವಿಶ್ರಾಂತಿಯಿಂದ ಕೂಡಿಕೊಳ್ಳದು. ಮನುಷ್ಯ ಚೇತರಿಸಿಕೊಳ್ಳಬಲ್ಲ, ಅದಕ್ಕೆ ಬಿಡುವು ಕೊಡಬೇಕು ಅಷ್ಟೆ.

ಒಂದೇ ಬಲವನ್ನು ಎರಡರಷ್ಟು ವಿಸ್ತೀರ್ಣಕ್ಕೆ ಹಂಚಿದರೆ ಪೀಡನ ಅರ್ಧವಾಗುತ್ತದೆ. ಸಂಸ್ಥೆಗಳೂ ಸರದಿಯ ಮೇಲೆ ಕೆಲಸ ಹಂಚಬೇಕು, ವಾರದ ರಜೆ ತಪ್ಪಿಸಬಾರದು, ಸಂಬಳ ತಡಮಾಡಬಾರದು, ಕಷ್ಟ ಹೇಳಿಕೊಳ್ಳಲು ವೇಳೆ ಮೀಸಲಿಡಬೇಕು. ಆಪ್ತಸಲಹೆ ಬೇಕಾದವರಿಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆ ಉಚಿತವಾಗಿದೆ, ಕನ್ನಡದಲ್ಲೂ ಮಾತನಾಡಬಹುದು. ಧ್ಯಾನ, ವ್ಯಾಯಾಮಗಳು ಒಳ್ಳೆಯವೇ. ಆದರೆ ಹೊರೆಯನ್ನು ಇಳಿಸದೆ ಹೊರುವವನಿಗೆ ತಾಳ್ಮೆಯನ್ನಷ್ಟೇ ಬೋಧಿಸಿದರೆ ಸಾಲದು.