ಪದ ಸಿಗದಿದ್ದರೆ ಜನರಿರಲಿಲ್ಲವೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಇತಿಹಾಸ ಬರೆಯಹೊರಟವರು ಈಗ ಗ್ರಂಥಾಲಯದ ಕಪಾಟಿಗಿಂತ ಮೊದಲು ಕಂಪ್ಯೂಟರ್ ತೆರೆಯುತ್ತಾರೆ. ಹಳೆಯ ಪುಸ್ತಕ, ಶಾಸನ, ಗೆಜೆಟಿಯರ್‌ಗಳ ಪಠ್ಯವನ್ನು ಒಂದೆಡೆ ಸೇರಿಸಿ ಪದವೊಂದನ್ನು ಕೊಟ್ಟರೆ ಸಾಕು, ಅದು ಬಂದಿರುವ ಸಾಲುಗಳೆಲ್ಲ ಹಿಂದುಮುಂದಿನ ಮಾತುಗಳೊಂದಿಗೆ ತೆರೆಯ ಮೇಲೆ ಮೂಡುತ್ತವೆ. ಜಪಾನಿನ ವಸೇದಾ ವಿಶ್ವವಿದ್ಯಾನಿಲಯದ ಲಾರೆನ್ಸ್ ಆಂಥನಿ ರೂಪಿಸಿದ 'ಆಂಟ್‌ಕಾಂಕ್' ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ವಿದ್ಯೆ ಮಾತ್ರ ಹಳೆಯದು. ಕುರ್‌ಆನಿನ ಯಾವ ಪದ ಎಲ್ಲೆಲ್ಲಿ ಬಂದಿದೆಯೆಂದು ಈಜಿಪ್ಟಿನ ಮುಹಮ್ಮದ್ ಫುಆದ್ ಅಬ್ದುಲ್ ಬಾಖಿ ಕಂಪ್ಯೂಟರಿನ ನೆರವಿಲ್ಲದೆ ಸಿದ್ಧಪಡಿಸಿದ ಸೂಚಿ ನಮ್ಮ ಅನೇಕ ಮದ್ರಸಗಳಿಗೆ ಪರಿಚಿತ. ಕನ್ನಡದಲ್ಲಿ 'ವಚನ ಸಂಚಯ' ಸಾವಿರಾರು ವಚನಗಳನ್ನು ಪದ ಹಿಡಿದು ಹುಡುಕುವ ದಾರಿ ಮಾಡಿಕೊಟ್ಟಿದೆ.

ಆದರೆ ಈ ಯಂತ್ರಕ್ಕೆ 'ಬ್ಯಾರಿ' ಎಂಬ ಪದ ಕೊಟ್ಟು, ಉತ್ತರ ಬಾರದಿದ್ದರೆ ಬ್ಯಾರಿಗಳೇ ಇರಲಿಲ್ಲವೆಂದು ತೀರ್ಮಾನಿಸಬಹುದೇ? ಹಾಗೆ ತೀರ್ಮಾನಿಸುವವರಿಗೆ ನಮ್ಮಲ್ಲಿ ಕೊರತೆಯಿಲ್ಲ.

ಯಂತ್ರ ಹುಡುಕುವುದು ಅಕ್ಷರವನ್ನು, ಮನುಷ್ಯರನ್ನಲ್ಲ. ವಿಜಯನಗರ ಕಾಲದ ಬಾರಕೂರು, ಬಸ್ರೂರುಗಳ ಶಾಸನಗಳಲ್ಲಿ 'ಹಂಜಮಾನ' ಎಂಬ ಮಾತು ಬರುತ್ತದೆ. ಪಾರ್ಸಿಯ 'ಅಂಜುಮನ್' ಪದದಿಂದ ಬಂದ ಇದು ಪಶ್ಚಿಮ ಸಮುದ್ರದಾಚೆಯಿಂದ ಬಂದ ವರ್ತಕರ, ಮುಖ್ಯವಾಗಿ ಮುಸ್ಲಿಮರ ಸಂಘವೆಂದು ವಿದ್ವಾಂಸರು ಸಾಮಾನ್ಯವಾಗಿ ಅರ್ಥೈಸಿದ್ದಾರೆ. 'ಮುಸ್ಲಿಂ' ಎಂದು ಹುಡುಕಿದವನ ಕೈಗೆ ಇದು ಸಿಗುವುದೇ ಇಲ್ಲ. ಟಿಪ್ಪುವಿನ ಪತನದ ಬೆನ್ನಿಗೇ, 1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದ ಮೂರನೇ ಸಂಪುಟದಲ್ಲಿ ಕರಾವಳಿಯ ಮುಸ್ಲಿಮರು 'ಮೋಪ್ಲೆ'ಗಳು. ಮಲಬಾರಿನವರಿಗೂ ಅದೇ ಹೆಸರು, ಇಲ್ಲಿನವರಿಗೂ ಅದೇ. 1894-95ರ ದಕ್ಷಿಣ ಕನ್ನಡ ಮ್ಯಾನ್ಯುಯಲ್ ಕೂಡ ಅದೇ ಜಾಡಿನದು. ಊರ ಹೆಸರುಗಳನ್ನಂತೂ ಅವರು ಕಿವಿಗೆ ಕೇಳಿಸಿದಂತೆ ಬರೆದರು. ಮೂಡುಬಿದಿರೆಯನ್ನು ನಾವೇ ಮೂಡಬಿದ್ರಿ, ಮೂಡಬಿದ್ರೆ, ಬಿದಿರೆ ಎಂದೆಲ್ಲ ಬರೆಯುತ್ತೇವೆ. ಅದರ ಸಂಸ್ಕೃತದ ಹೆಸರು ವೇಣುಪುರ.

ಇನ್ನು 'ಬ್ಯಾರಿ' ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ತುಳುವಿನಲ್ಲಿ 'ಬ್ಯಾರ' ಎಂದರೆ ವ್ಯಾಪಾರ. ಸಮುದಾಯದ ಹೆಸರು ಅದರಿಂದಲೇ ಬಂತೆಂಬುದು ಬಹುಮಂದಿಯ ಅಭಿಪ್ರಾಯ. ನೇತ್ರಾವತಿಯಲ್ಲಿ ದೋಣಿಗಳು ಏರಿಬರುತ್ತಿದ್ದ ಬಂಟ್ವಾಳದ ಪೇಟೆಯಿಂದ ಬೆಳ್ತಂಗಡಿ, ಚಾರ್ಮಾಡಿಯ ಮೂಲಕ ಘಟ್ಟ ಹತ್ತುವ ದಾರಿ ವ್ಯಾಪಾರದ ದಾರಿಯೇ ಆಗಿತ್ತು. ಹಳೆಯ ಬರಹದ ಒಂದು ಸಾಲಿನಲ್ಲಿ ಈ ಪದ ಕಸುಬನ್ನು ಹೇಳುತ್ತದೋ ಸಮುದಾಯವನ್ನೋ ಎಂಬುದು ಎಣಿಕೆಯಿಂದ ತಿಳಿಯದು; ಆ ಸಾಲನ್ನು ಓದಲೇಬೇಕು.

ಕನ್ನಡದ್ದೇ ಆದ ತೊಡಕುಗಳೂ ಇವೆ. ಬ್ಯಾರಿಗಳು, ಬ್ಯಾರಿಗಳಿಗೆ, ಬ್ಯಾರಿಯವರಲ್ಲಿ ಎಂದು ಪ್ರತ್ಯಯ ಸೇರುತ್ತ ಹೋದಂತೆ ಯಂತ್ರಕ್ಕೆ ಅವೆಲ್ಲ ಬೇರೆ ಬೇರೆ ಪದಗಳು. ಆಂಟ್‌ಕಾಂಕ್‌ನ ಹಳೆಯ ಆವೃತ್ತಿಗಳಲ್ಲಿ ಕಾಗುಣಿತದ ಚಿಹ್ನೆಗಳನ್ನೂ ಪದದ ಭಾಗವೆಂದು ಎಣಿಸುವಂತೆ ಸೂಚಿಸದಿದ್ದರೆ ಕನ್ನಡದ ಪದಗಳು ಚೂರುಚೂರಾಗುತ್ತವೆ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಅಚ್ಚಾದ ಪುಸ್ತಕಗಳ ಕಡತಗಳನ್ನು ಪರಿವರ್ತಿಸದೆ ಹುಡುಕಲೂ ಬಾರದು. ಉಡುಪಿಯಲ್ಲಿ ಆರು ಸಂಪುಟಗಳಾಗಿ ಹೊರಬಂದ ತುಳು ನಿಘಂಟಿನ ಹಿಂದೆ ಊರೂರು ತಿರುಗಿ ಕಿವಿಯಿಂದ ಪದ ಹೆಕ್ಕಿದವರ ಶ್ರಮವಿತ್ತು. ಬಹುಕಾಲ ಬಾಯಲ್ಲೇ ಉಳಿದ ಬ್ಯಾರಿ ಭಾಷೆಗೆ ರಾಜ್ಯ ಸರಕಾರದ ಸಾಹಿತ್ಯ ಅಕಾಡೆಮಿ ದೊರೆತದ್ದು 2009ರಲ್ಲಿ. ಅಚ್ಚಾದದ್ದೇ ಕಡಿಮೆ ಇರುವ ಭಾಷೆಯನ್ನು ಅಚ್ಚಿನ ಎಣಿಕೆಯಿಂದ ಅಳೆದರೆ ಅದು ಸಣ್ಣದಾಗಿಯೇ ಕಾಣುತ್ತದೆ.

ಆದ್ದರಿಂದ ಈ ಮೂರು ಊರುಗಳಲ್ಲಿ ಕೆಲಸ ಮಾಡುವವರು ಹುಡುಕುವ ಮೊದಲು ಹೆಸರುಗಳ ಪಟ್ಟಿಯೊಂದನ್ನು ಮಾಡಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. ಅದರಲ್ಲಿ ಹಂಜಮಾನ, ತುರುಕ, ಮೋಪ್ಲೆ, ಮಾಪಿಳ್ಳೆ ಎಲ್ಲವೂ ಇರಲಿ. ಮನೆಗಳ ಪೆಟ್ಟಿಗೆಗಳಲ್ಲಿರುವ ಕ್ರಯಪತ್ರ, ಲೆಕ್ಕದ ಪುಸ್ತಕಗಳನ್ನು, ಮಸೀದಿಗಳ ವಕ್ಫ್ ಕಾಗದಗಳನ್ನು ಆ ಮೋಡಿ ಅಕ್ಷರ ಓದಬಲ್ಲ ಹಿರಿಯರ ಪಕ್ಕ ಕುಳಿತೇ ಟೈಪ್ ಮಾಡಿಸಬೇಕು. ಆಗ ಕಾಗುಣಿತ ತಿದ್ದುವ ಉತ್ಸಾಹ ಬೇಡ; ಬರೆದವನು 'ಬೇರಿ' ಎಂದಿದ್ದರೆ ಅದು 'ಬೇರಿ'ಯಾಗಿಯೇ ಇರಲಿ.