ಸ್ಟೆಪ್ನಿ ಎಲ್ಲಿಡೋಣ?



ದೀಪಾವಳಿಗೆ ಪುಣೆಯಿಂದ ಊರಿಗೆ ಹೊರಟಿದ್ದೀರಿ ಅಂದುಕೊಳ್ಳಿ. ಹಳೆಯ ಸಫಾರಿಯೋ ಬೊಲೆರೋನೋ, ಒಳಗೆ ಏಳು ಜನ, ಮೇಲೆ ಸಾಮಾನು. ರಾತ್ರಿ ಖಂಬಾಟ್ಕಿ ಘಾಟಿನಲ್ಲಿ ಟೈರು ಪಂಕ್ಚರ್. ಆಗ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: “ಸ್ಟೆಪ್ನಿ ಇದೆಯಾ?”

ಈ ಪದ ಎಲ್ಲಿಂದ ಬಂತು ಗೊತ್ತೇ? ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆಲಿ ಎಂಬ ಊರಿನ ಒಂದು ಬೀದಿಯ ಹೆಸರಿನಿಂದ! ಮೊದಮೊದಲ ಮೋಟಾರುಗಳಲ್ಲಿ ಬದಲಿ ಚಕ್ರ ಇರಲೇ ಇಲ್ಲ. ಚಕ್ರವನ್ನು ಸುಲಭವಾಗಿ ಬಿಚ್ಚುವ ಹಾಗೂ ಇರಲಿಲ್ಲ. ಪಂಕ್ಚರ್ ಆದರೆ ರಸ್ತೆ ಬದಿಯಲ್ಲೇ ಕೂತು ಟೈರು ಎಬ್ಬಿಸಿ, ಟ್ಯೂಬಿಗೆ ತೇಪೆ ಹಾಕಿ, ಕೈಪಂಪಿನಿಂದ ಗಾಳಿ ತುಂಬಬೇಕು. 1904ರಲ್ಲಿ ಲನೆಲಿಯ ಸ್ಟೆಪ್ನಿ ಬೀದಿಯ ಥಾಮಸ್ ಮತ್ತು ವಾಲ್ಟರ್ ಡೇವಿಸ್ ಎಂಬ ಸೋದರರು ಇದಕ್ಕೊಂದು ಉಪಾಯ ಹೂಡಿದರು. ಕಡ್ಡಿಗಳಿಲ್ಲದ ಬರಿಯ ರಿಮ್ಮು, ಅದರ ಮೇಲೆ ಗಾಳಿ ತುಂಬಿದ ಟೈರು. ಕೆಟ್ಟ ಚಕ್ರವನ್ನು ಬಿಚ್ಚದೆ ಅದರ ಪಕ್ಕಕ್ಕೆ ಇದನ್ನು ಕ್ಲಿಪ್ಪುಗಳಿಂದ ಬಿಗಿದರೆ ಗಾಡಿ ಮುಂದಕ್ಕೆ ಹೋಯಿತು. ಚಕ್ರವನ್ನೇ ಬಿಚ್ಚಿ ಬದಲಿಸುವ ವ್ಯವಸ್ಥೆ ಬಂದ ಮೇಲೆ ಆ ಸಾಧನ ಮೂಲೆ ಸೇರಿತು. ಬ್ರಿಟನ್ನಿನವರೇ ಅದರ ಹೆಸರನ್ನು ಮರೆತರು, ನಾವು ಮರೆಯಲಿಲ್ಲ. ಮಾಲ್ಟಾ ದ್ವೀಪದಲ್ಲೂ ಇದೇ ಪದ ಉಳಿದಿದೆ. ಬ್ರೆಜಿಲ್‌ನವರು ‘ಎಸ್ಟೆಪಿ’ ಅನ್ನುತ್ತಾರೆ.

ಕಾರಿಗೆ ಡಿಕ್ಕಿ ಬಂದ ಮೇಲೆ ಸ್ಟೆಪ್ನಿಗೆ ಜಾಗ ಸಿಕ್ಕಿತು. ಡಿಕ್ಕಿಯೇ ಇಲ್ಲದ ಜೀಪಿನ ಜಾತಿಗೆ ಮಾತ್ರ ಇದು ಬಗೆಹರಿಯದ ತಲೆನೋವು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಹಿಂಬದಿಯ ತಗಡು ತೆರೆಯುತ್ತಿರಲಿಲ್ಲ. ಹಾಗಾಗಿ ಸ್ಟೆಪ್ನಿಯನ್ನು ಅಲ್ಲೇ ನೇತುಹಾಕಿ, ಪಕ್ಕದಲ್ಲಿ ಪೆಟ್ರೋಲ್ ಕ್ಯಾನು ಇಟ್ಟರು. 1945ರಲ್ಲಿ ಅದೇ ಜೀಪು ರೈತರ ಗಾಡಿಯಾಗಿ ಬಂದಾಗ ಸಾಮಾನು ತುಂಬಲು ಹಿಂದೆ ಬಾಗಿಲು ಬೇಕಾಯಿತು. ಸ್ಟೆಪ್ನಿ ಪಕ್ಕೆಗೆ ಸರಿಯಿತು. 1947ರಿಂದ ಮುಂಬಯಿಯಲ್ಲಿ ಮಹೀಂದ್ರದವರು ಜೋಡಿಸತೊಡಗಿದ್ದು ಈ ವಂಶದ ಜೀಪುಗಳನ್ನೇ. 1948ರ ಲ್ಯಾಂಡ್ ರೋವರ್‌ನಲ್ಲಿ ಅದನ್ನು ಬಾನೆಟ್ಟಿನ ಮೇಲೂ ಕೂರಿಸುತ್ತಿದ್ದರು. ನೋಡಲು ಗತ್ತು, ನಿಜ. ಆದರೆ ಎಂಜಿನ್ ನೋಡಬೇಕಾದಾಗಲೆಲ್ಲ ಚಕ್ರದ ಭಾರವನ್ನೂ ಎತ್ತಬೇಕಿತ್ತು!

ನಮ್ಮಲ್ಲಿ ಗೆದ್ದದ್ದು ಹಿಂಬಾಗಿಲು. ಗುರಗಾಂವಿನ ಜಿಪ್ಸಿ (1985), ಪುಣೆಯ ಸಿಯೆರಾ (1991), ಸಫಾರಿ (1998), ಆಮೇಲೆ ಬೊಲೆರೋ (2000), ಎಲ್ಲವೂ ಸ್ಟೆಪ್ನಿಯನ್ನು ಬೆನ್ನಿಗೆ ಹೊತ್ತವೇ. ಕೈಗೆ ಸುಲಭವಾಗಿ ಸಿಗುತ್ತದೆ, ಸಾಮಾನು ಇಳಿಸುವ ಗೋಜಿಲ್ಲ. ಆದರೆ ಇಪ್ಪತ್ತು ಕಿಲೋಗೂ ಹೆಚ್ಚು ಭಾರ ವರ್ಷಗಟ್ಟಲೆ ಜೋತುಬಿದ್ದರೆ ಬಾಗಿಲಿನ ಕೀಲುಗಳು ಸವೆದು, ಬಾಗಿಲು ಕೆಳಗಿಳಿದು, ಗುಂಡಿ ಸಿಕ್ಕಾಗಲೆಲ್ಲ ಗಡಗಡ ಅನ್ನುತ್ತದೆ. ಹಿಂದಿನ ನೋಟಕ್ಕೂ ಅದು ಅಡ್ಡ. 2012ರಲ್ಲಿ ಸಫಾರಿ ಸ್ಟಾರ್ಮ್ ಬಂದಾಗ ಟಾಟಾದವರು ಸ್ಟೆಪ್ನಿಯನ್ನು ಗಾಡಿಯ ಹೊಟ್ಟೆಯ ಕೆಳಗೆ ಕಳಿಸಿದರು.

ಅಲ್ಲಿಯೂ ಅದಕ್ಕೆ ಸುಖವಿಲ್ಲ. ಕೆಳಗಿನ ಸ್ಟೆಪ್ನಿ ಸರಪಳಿಯಲ್ಲೋ ತಂತಿಹಗ್ಗದಲ್ಲೋ ನೇತಾಡುತ್ತದೆ. ಕಬ್ಬಿಣದ ಸರಳು ತೂರಿಸಿ ತಿರುಗಿಸಿದರೆ ಇಳಿಯುತ್ತದೆ. ಇಳಿಯಬೇಕು! ಹತ್ತು ಮಳೆಗಾಲದ ಕೆಸರು ತಿಂದ ಸರಪಳಿ ತುಕ್ಕು ಹಿಡಿದು ಕಚ್ಚಿಕೊಂಡರೆ ಘಾಟಿನ ಕತ್ತಲಲ್ಲಿ ಯಾರನ್ನು ಕರೆಯುತ್ತೀರಿ? ರಾತ್ರಿ ರಸ್ತೆಯಲ್ಲಿ ನಿಂತ ಗಾಡಿಯಾದರೆ ಕಳ್ಳರಿಗೂ ಅನುಕೂಲ. ಕೆಲವರು ಛಾವಣಿಗೆ ಏರಿಸುತ್ತಾರೆ. ಮೊದಲೇ ಎತ್ತರದ ಗಾಡಿ, ತಿರುವಿನಲ್ಲಿ ಇನ್ನಷ್ಟು ವಾಲುತ್ತದೆ; ನನಗಂತೂ ಒಪ್ಪಿಗೆಯಿಲ್ಲ. ಹಳೆಯ ಗಾಡಿಗೆ ನನ್ನ ಮತ ಹಿಂಬಾಗಿಲಿಗೇ. ಕೀಲು ಸವೆದರೆ ಕಣ್ಣಿಗೆ ಕಾಣುತ್ತದೆ, ಸರಪಳಿಯ ತುಕ್ಕು ಕಾಣುವುದಿಲ್ಲ.

2020ರಲ್ಲಿ ಕೇಂದ್ರ ಸರಕಾರ ನಿಯಮ ಬದಲಿಸಿತು. ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು, ಗಾಳಿಯ ಒತ್ತಡ ತೋರಿಸುವ ಸಾಧನ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ನಿಮ್ಮ ಹಳೆಯ ಗಾಡಿಯಲ್ಲಿ ಇವೆಲ್ಲ ಎಲ್ಲಿವೆ? ಆದ್ದರಿಂದ ಹೊರಡುವ ಮುನ್ನ ಒಮ್ಮೆ ಸ್ಟೆಪ್ನಿ ಇಳಿಸಿ ನೋಡಿ. ಗಾಳಿ ಹಾಕಿಸಿ, ಸರಪಳಿಗೆ ಗ್ರೀಸ್ ಹಚ್ಚಿ. ಟೈರಿನ ಪಕ್ಕದಲ್ಲಿ ‘ಡಾಟ್’ ಗುರುತಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. ‘2306’ ಅಂತ ಇದ್ದರೆ ಅದು 2006ರ 23ನೇ ವಾರ ತಯಾರಾದದ್ದು. ಒಂದು ದಿನವೂ ರಸ್ತೆಗಿಳಿಯದೆ ಹೊಸದರಂತೆ ಹೊಳೆಯುತ್ತಿದ್ದರೂ ಅದರ ರಬ್ಬರಿಗೆ ಅಷ್ಟೇ ವಯಸ್ಸಾಗಿದೆ.